ಫೋನ್ ಇಡುವಾಗ ಹೇಳಿದ ‘ಬರ್ತೇನೆ’

ನಾನು ಘಟ್ಟ ಹತ್ತಿದೆ! ಈ ಬೇಸಿಗೆ ರಜೆಯಲ್ಲಿ, ನನ್ನ ಮೊಮ್ಮಗಳು ಹುಟ್ಟಿದ ಮನೆಗೆ ಹೋಗಿ ಬಂದೆ. ಮಂಗಳೂರಿನ ಶಕ್ತಿನಗರದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಹೇಳಿ ಮುಗಿಯಿತು. ಇನ್ನು ಉಳಿದವರು ನೀವು.

ಘಟ್ಟ ಹತ್ತುವುದು ಅಷ್ಟು ದೊಡ್ಡ ವಿಷಯವಾ ಎಂದು ಕೇಳಬೇಡಿ. ನನಗೆ ದೊಡ್ಡದೇ. ಮಗ ಹರೀಶ ಸಣ್ಣವನಿದ್ದಾಗ ಒಮ್ಮೆ ಬಸ್ಸಿನಲ್ಲಿ ಚಾರ್ಮಾಡಿ ಹತ್ತಿದ್ದೆ. ತಿರುವು ಶುರುವಾದದ್ದೇ ವಾಂತಿ. ಹತ್ತಿರದ ಸೀಟಿನ ಹೆಂಗಸು ಸೀರೆ ಎತ್ತಿ ಹಿಡಿದು, “ಇಂಥವರು ಮನೆಯಲ್ಲೇ ಇರ್ಬೇಕಪ್ಪ” ಎಂದಳು. ಆ ಮಾತು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ನನ್ನ ಗ್ರಹಚಾರ ನೋಡಿ, ಹರೀಶನಿಗೆ ಹೆಣ್ಣು ಸಿಕ್ಕಿದ್ದು ಘಟ್ಟದ ಮೇಲೆ, ಮೂಡಿಗೆರೆಯಲ್ಲಿ. ಮದುವೆ ಮಂಗಳೂರಿನಲ್ಲೇ ಆಯಿತು, ಬಚಾವಾದೆ. ಆದರೆ ಸೊಸೆ ಸುಮಾ ಹೆರಿಗೆಗೆ ತವರಿಗೆ ಹೋದಳು. ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಎಲ್ಲರೂ ಹೋದರು. ನಾನೊಬ್ಬಳು ಇಲ್ಲಿ ಬೀಡಿ ಕಟ್ಟುತ್ತಾ ಕೂತೆ. ವಾಂತಿಗೆ ಹೆದರಿ ಬರಲಿಲ್ಲ ಎಂದು ಬೀಗರಿಗೆ ಹೇಳಲು ನಾಚಿಕೆ. ಆ ಮಗು, ನಮ್ಮ ಚಿನ್ನು, ಈಗ ಎರಡನೇ ಕ್ಲಾಸು.

ಶಾಲೆಗೆ ರಜೆ ಸಿಕ್ಕಿದ ಕೂಡಲೇ ಹರೀಶ ಮೊಬೈಲ್ ಹಿಡಿದು ತಿರುಗಾಟದ ಪ್ಲಾನ್ ಹಾಕತೊಡಗಿದ. ಅತ್ತೆ ಮನೆಯಲ್ಲಿ ಉಳಿಯುವುದು, ಒಂದು ದಿನ ದೇವರಮನೆ ಗುಡ್ಡ, ಒಂದು ದಿನ ಕಳಸ, ಹೊರನಾಡು, ಮತ್ತೊಂದು ದಿನ ಬೇಲೂರು. ಬೆಳಿಗ್ಗೆ ಹೊರಟು ಸಂಜೆಗೆ ವಾಪಸ್. ನಾನು ಚಿನ್ನುವಿನ ಸ್ವೆಟರನ್ನು ಬಿಸಿಲಿಗೆ ಹಾಕುತ್ತಾ ಕೇಳುತ್ತಿದ್ದೆ. ಆ ಪ್ಲಾನಿನಲ್ಲಿ ನಾನಿರಲಿಲ್ಲ. ಯಾರೂ ನನ್ನನ್ನು ಕೇಳಲೂ ಇಲ್ಲ, ಪಾಪ, ಕೇಳಿದರೆ ನನಗೆ ಬೇಜಾರಾದೀತೆಂದು.

ಅಷ್ಟರಲ್ಲಿ ಬೀಗಿತ್ತಿ ಸರೋಜಮ್ಮನ ಫೋನು. “ಈ ಸಲನಾದ್ರೂ ನೀವು ಬನ್ನಿ” ಎಂದು ಯಾವತ್ತಿನಂತೆ ಕರೆದರು. ಅದೂ ಇದೂ ಮಾತಾಡಿ ಕೊನೆಗೆ ನಾನು, “ಆಯ್ತು, ಬರ್ತೇನೆ ಹಾಗಾದ್ರೆ” ಎಂದು ಫೋನ್ ಇಟ್ಟೆ. ಯಾರ ಮನೆಯಿಂದ ಎದ್ದು ಬರುವಾಗಲೂ ‘ಹೋಗ್ತೇನೆ’ ಅನ್ನಬಾರದು, ‘ಬರ್ತೇನೆ’ ಅನ್ನಬೇಕು ಎಂದು ನಮಗೆ ಹಿರಿಯರು ಕಲಿಸಿದ್ದು. ನನಗೆ ಫೋನಿನಲ್ಲೂ ಅದೇ ಬಾಯಿಗೆ ಬರುತ್ತದೆ. 

ಸಂಜೆ ಸುಮಾ ಓಡಿ ಬಂದಳು. “ಅತ್ತೆ, ಅಮ್ಮನ ಹತ್ರ ಎಂತ ಹೇಳಿದ್ರಿ? ನೀವು ಬರ್ತೀರಂತೆ! ಪಕ್ಕದ ಮನೆಯವರಿಗೆಲ್ಲ ಹೇಳಿ ಆಯ್ತಂತೆ, ನಿಮಗೆ ಅಂತ ಹೊಸ ಕಂಬಳಿನೂ ತಂದಾಯ್ತಂತೆ!”

“ಅಯ್ಯೋ ದೇವರೇ! ಅದು ಫೋನ್ ಇಡುವ ಬರ್ತೇನೆ ಮಾರಾಯ್ತಿ!”

ಹರೀಶ ಬಿದ್ದು ಬಿದ್ದು ನಕ್ಕ. “ಇನ್ನು ಎಂತ ಮಾಡುದು? ನಾನೇ ಫೋನ್ ಮಾಡಿ, ಅಮ್ಮ ಬರುದಿಲ್ಲ ಅಂತ ಹೇಳ್ಲಾ?”

ಸುಮಾ ನಗಲಿಲ್ಲ. “ನಮ್ಮ ಮನೆ ಸಣ್ಣದು, ಅದಕ್ಕೇ ನೀವು ಬರುವುದಿಲ್ಲ ಅಂತ ಅಮ್ಮ ಇಷ್ಟು ವರ್ಷ ತಿಳ್ಕೊಂಡಿದ್ದಾರೆ ಅತ್ತೆ” ಎಂದಳು, ಮೆಲ್ಲಗೆ.

ನಾನೆಂತ ಅರಮನೆಯಲ್ಲಿ ಹುಟ್ಟಿದವಳಾ? “ಫೋನ್ ಮಾಡ್ಬೇಡ” ಎಂದೆ ಹರೀಶನಿಗೆ.

ಹರೀಶ ಪ್ಲಾನ್ ಬದಲಿಸಿದ. ಮೊದಲ ದಿನ ಬೇರೆ ಎಲ್ಲಿಗೂ ಇಲ್ಲ, ಘಟ್ಟ ಹತ್ತುವುದು ಮಾತ್ರ, ಅದೂ ನಿಂತು ನಿಂತು. ನನಗೆ ಕಾರಿನ ಮುಂದಿನ ಸೀಟು, ಕೈಗೊಂದು ಲಿಂಬೆಹಣ್ಣು. ಬೀಗಿತ್ತಿಗೆಂದು ಬಂದರಿನಿಂದ ತರಿಸಿದ ಒಣಮೀನನ್ನು ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟು, “ಅಮ್ಮ, ಘಟ್ಟ ನಿನ್ನನ್ನು ಬಿಟ್ರೂ ಈ ಮೀನಿನ ವಾಸನೆ ಬಿಡ್ಲಿಕ್ಕಿಲ್ಲ” ಎಂದ.

ಅರ್ಧ ಘಟ್ಟದ ತನಕ ತಡೆದುಕೊಂಡೆ. ಮತ್ತೆ ಆಗಲಿಲ್ಲ. ಕಾರು ನಿಲ್ಲಿಸಿ ರಸ್ತೆ ಬದಿಯಲ್ಲಿ ಬಗ್ಗಿದೆ. ಅದೇ ಹಳೆಯ ನಾಚಿಕೆ, ಕಣ್ಣಲ್ಲಿ ನೀರು. ಚಿನ್ನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ಇಷ್ಟೇನಾ ಅಜ್ಜಿ? ನಾನು ಸ್ಕೂಲ್ ಟೂರಿನಲ್ಲಿ ಮಿಸ್ಸಿನ ಮೇಲೆಯೇ ಮಾಡಿದ್ದೇನೆ!”

ಅಳುತ್ತಿದ್ದವಳಿಗೆ ನಗು ಬಂತು. ಬಾಯಿ ತೊಳೆದು ತಲೆ ಎತ್ತಿದರೆ, ಎದುರಿಗೆ ಗುಡ್ಡದ ಹಿಂದೆ ಗುಡ್ಡ, ತಣ್ಣಗಿನ ಗಾಳಿ. ಇಷ್ಟು ಚೆಂದದ್ದನ್ನು ಆಗ ಬಸ್ಸಿನಲ್ಲಿ ನಾನು ನೋಡಿಯೇ ಇರಲಿಲ್ಲ.

“ವಾಪಸ್ ಹೋಗುವನಾ ಅಮ್ಮ?” ಹರೀಶ ಕೇಳಿದ, ಈ ಸಲ ತಮಾಷೆಗಲ್ಲ.

“ಬರ್ತೇನೆ ಅಂತ ಹೇಳಿ ಆಗಿದೆ. ನಡಿ ಮಾರಾಯ.”

ಮೂಡಿಗೆರೆಯಲ್ಲಿ ಟೈಲರ್ ಅಂಗಡಿಯ ಹಿಂದೆ ಎರಡು ಕೋಣೆಯ ಮನೆ. ಸರೋಜಮ್ಮ ಹೊಸಿಲಲ್ಲೇ ಕಾಯುತ್ತಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ಚಿನ್ನು ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, ಜಂತಿಗೆ ಹಾಕಿದ್ದ ಕೊಕ್ಕೆ ತೋರಿಸಿದಳು. “ಅಜ್ಜಿ, ನನ್ನ ತೊಟ್ಟಿಲು ಇಲ್ಲೇ ಕಟ್ಟಿದ್ದಂತೆ!” ನಾನು ಅದರ ಕೆಳಗೆ ಹೋಗಿ ನಿಂತು ತಲೆ ಎತ್ತಿ ನೋಡಿದೆ.

ಸಂಜೆ ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. ಅವರ ಕಡುಬು, ಕೋಳಿ ಸಾರು, ನಮ್ಮ ಒಣಮೀನಿನ ಚಟ್ನಿ. ನನಗೆ ತಡೆಯಲಾಗಲಿಲ್ಲ. “ಸರೋಜಮ್ಮ, ನಾನು ಅವತ್ತು ಬರ್ತೇನೆ ಅಂದದ್ದು ಫೋನ್ ಇಡ್ಲಿಕ್ಕೆ” ಎಂದು ವಾಂತಿಯ ಕತೆಯನ್ನೂ ಸೇರಿಸಿ ಹೇಳಿಬಿಟ್ಟೆ.

ಅವರು ಕಡುಬಿನ ಪಾತ್ರೆ ಹಿಡಿದು ನಕ್ಕರು. “ನಂಗೊತ್ತಿತ್ತು ಕಣ್ರೀ. ನಮ್ಮಲ್ಲೂ ಹೋಗೋವಾಗ ಬರ್ತೀನಿ ಅಂತಲೇ ಅನ್ನೋದು. ಆದ್ರೆ ಇಷ್ಟು ವರ್ಷಕ್ಕೆ ಒಂದು ‘ಬರ್ತೇನೆ’ ಸಿಕ್ಕಿತ್ತಲ್ಲ, ಬಿಡಕ್ಕಾಗುತ್ತಾ? ಗಟ್ಟಿ ಹಿಡ್ಕೊಂಡೆ.”

ಎಲ್ಲರೂ ನಗುತ್ತಿರುವಾಗಲೇ ನಾನು ಬೇಡ ಬೇಡ ಎಂದರೂ ಕೇಳದೆ ನನ್ನ ತಟ್ಟೆಗೆ ಇನ್ನೊಂದು ಕಡುಬು ಹಾಕಿದರು. ಚಿನ್ನು ನನ್ನ ತೊಡೆಗೆ ಒರಗಿ, ನನ್ನ ತಟ್ಟೆಯಿಂದಲೇ ತಿನ್ನತೊಡಗಿದಳು.