ಸೆಕೆಂಡಿಗೊಂದು ಟಿಕ್

ಗೆಳೆಯರೇ, ಲ್ಯಾಪ್‌ಟಾಪಿನಲ್ಲಿ ನಡೆಯುವ ರೇಡಿಯೋಗೆ ಗದ್ದಲ ಸೋಸುವ ಪ್ರೋಗ್ರಾಮನ್ನು ನಾನೇ ಬರೆದೆ. ಓಡಿಸಿದರೆ ಸೆಕೆಂಡಿಗೊಂದು ಟಿಕ್. ಮೂರು ದಿನ ಡೀಬಗ್ಗರ್ ಹಾಕಿ ಒಂದೊಂದೇ ಸಾಲು ನೋಡಿದರೂ ತಪ್ಪು ಸಿಗಲಿಲ್ಲ.

ಇವತ್ತು ಮಜ್ಜಿಗೆಗೆಂದು ಬಂದ ಪಕ್ಕದ ಹೊಲದ ಈರಣ್ಣ ಮಾವ ಕಿವಿಗೊಟ್ಟು ಕೇಳಿದರು. "ನಮ್ ಸೋಲಾರ್ ಬೇಲಿ ಕಣ್ಲಾ ಇದು. ಸೆಕೆಂಡಿಗೊಂದ್ ಸಲ ಶಾಕ್ ಒಡೀತದೆ." ಹೋಗಿ ಬೇಲಿ ಆಫ್ ಮಾಡಿದರು. ಟಿಕ್ ನಿಂತಿತು.

"ಅಂಗೇ ಆಫ್ ಇರ್ಲಿ ಮಾವ" ಎಂದೆ.

"ಕಾಡಂದಿ ಬಂದ್ರೆ ನಿನ್ ರೇಡಿಯೋ ಓಡಿಸ್ತದಾ?"

ಸಂಜೆ ಮತ್ತೆ ಬಂದರು. "ಬೇಲಿ ಕೆಲ್ಸ ಮಾಡ್ತಾ ಅದಾ, ವಸಿ ರೇಡಿಯೋದಲ್ಲಿ ನೋಡ್ಲಾ."

ಆ ಟಿಕ್ ಅಳಿಸುವ ಕೋಡು ಬರೆದಿಟ್ಟಿದ್ದೇನೆ. ಹಾಕುವ ಧೈರ್ಯವಿಲ್ಲ. ನಾಳೆ ಹಂದಿ ನುಗ್ಗಿದರೆ ಬೈಸಿಕೊಳ್ಳುವವನು ನಾನೇ.