ತೋಟದ ಗಾಳಿಯ ಕೌಟು ಅಂಕಿ

ತೆಂಗಿನ ತೋಟದ ಗಾಳಿಯ ಬಗ್ಗೆ ನಾನು ಬರೆದ ವರದಿ ಈಗಲೂ ಬೀರುವಿನಲ್ಲಿದೆ. ಮುಟ್ಟಿದರೆ ಕೈ ತೊಳೆಯಬೇಕು ಅನ್ನಿಸುತ್ತದೆ.

ತೊಂಬತ್ತರ ದಶಕದ ಕೊನೆ. ನಾನು ಸಂಶೋಧನಾ ವಿದ್ಯಾರ್ಥಿ. ಶೆಟ್ಟಿಕೆರೆ ಕಡೆಯ ರಾಗಿ ಹೊಲದಲ್ಲೊಂದು, ನೊಣವಿನಕೆರೆ ಹತ್ತಿರದ ತೋಟದಲ್ಲೊಂದು ಕಂಬ ನೆಟ್ಟು ಉಪಕರಣ ಕಟ್ಟಿದ್ದೆವು. ಗಾಳಿಯ ಸುಳಿಗಳನ್ನೂ ಅವು ಹೊತ್ತೊಯ್ಯುವ ತೇವವನ್ನೂ ಅಳೆದರೆ ನೆಲ, ಮರ ಎಷ್ಟು ನೀರು ಬಿಟ್ಟುಕೊಡುತ್ತವೆಂದು ತಿಳಿಯುತ್ತದೆ. ಆದರೆ ಅಳೆಯುವ ಅರ್ಧ ಗಂಟೆ ಗಾಳಿ ಒಂದೇ ಹದದಲ್ಲಿರಬೇಕು. ಅದಕ್ಕೊಂದು ಪರೀಕ್ಷೆ. ಅರ್ಧ ಗಂಟೆಯನ್ನು ಐದೈದು ನಿಮಿಷಕ್ಕೆ ತುಂಡು ಮಾಡಬೇಕು. ತುಂಡುಗಳ ಸರಾಸರಿ ಇಡಿಯ ಅಳತೆಗೆ ಒಂದು ಮಿತಿಯೊಳಗೆ ಹೊಂದದಿದ್ದರೆ ಅಷ್ಟನ್ನೂ ಬಿಸಾಡಬೇಕು.

ರಾಗಿ ಹೊಲದ್ದು ಬಹುಪಾಲು ಪಾಸಾಯಿತು. ತೋಟದ್ದು ಗೋತಾ ಹೊಡೆಯಿತು. ಗರಿಗಳ ನಡುವೆ ಗಾಳಿ ಸತ್ತಂತಿದ್ದು, ಇದ್ದಕ್ಕಿದ್ದಂತೆ ನುಗ್ಗುತ್ತಿತ್ತು.

ನನ್ನ ಗೈಡ್ ಎಲೆ ಅಡಿಕೆ ಜಗಿಯುತ್ತಾ, "ಮಿತಿ ಸ್ವಲ್ಪ ಸಡಿಲ ಮಾಡ್ರೀ, ಯಾರು ನೋಡ್ತಾರೆ?" ಅಂದರು. ಥೂ, ಮಾಡಿದೆ. ಬಿಸಾಡಬೇಕಾದ್ದೆಲ್ಲ ವರದಿಯೊಳಗೆ ಬಂತು. ಆಗ ನಾನು ಅನ್ನ ತಿನ್ನುತ್ತಿದ್ದೆನೋ ಮಣ್ಣು ತಿನ್ನುತ್ತಿದ್ದೆನೋ. ನನಗೆ ಡಿಗ್ರಿ ಬೇಕಿತ್ತು.

ತೋಟದ ಯಜಮಾನಿಯನ್ನು ಅಕ್ಕ ಎನ್ನುತ್ತಿದ್ದೆ. ಅವರು ಕಂಬಕ್ಕೆ ಜಾಗ ಕೊಟ್ಟದ್ದು ಒಂದೇ ಆಸೆಗೆ. "ಬೋರಲ್ಲಿ ನೀರು ಇಳೀತಾ ಐತೆ ಕಣಪ್ಪ. ಮರಕ್ಕೆ ಎಷ್ಟು ಬುಟ್ರೆ ಸಾಕು ಅಂತ ಹೇಳ್ಬುಡು."

ಕೊಬ್ಬರಿ ಆರಿಸುವಾಗ ಅವರು ಒಂದೊಂದನ್ನೂ ಮೂಸುತ್ತಿದ್ದರು. ಕೌಟು ವಾಸನೆ ಬಂದದ್ದನ್ನು ಅಂಗಳದಾಚೆ ಎಸೆದು, "ಒಂದು ಕೌಟು ಸೇರಿದ್ರೆ ಚೀಲನೇ ಹೋಯ್ತು" ಎನ್ನುತ್ತಿದ್ದರು. ಅಂಥವರ ಕೈಗೆ ನಾನು ಆ ವರದಿಯ ಅಂಕಿ ಕೊಟ್ಟೆ. ಅದನ್ನು ಪಂಪ್‌ಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆಸಿಕೊಂಡು, ಬೇಸಿಗೆಯಿಡೀ ಅಷ್ಟೇ ನೀರು ಬಿಟ್ಟರು.

ಮುಂದಿನ ವರ್ಷ ಕಂಬ ಕೀಳಲು ಹೋದಾಗ ಮರಗಳ ಬುಡದಲ್ಲಿ ಎಳೆಯ ಹರಳು, ಇನ್ನೂ ಬಲಿಯದ ಪುಟ್ಟ ಕಾಯಿಗಳು, ನೀರು ಸಾಲದೆ ಉದುರಿ ಹಾಸಿಕೊಂಡಿದ್ದವು. ಕಾಲಿಟ್ಟಲ್ಲೆಲ್ಲ ಸಿಗುತ್ತಿದ್ದವು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕನೇ ಅಂದರು, "ನೀನು ಅಷ್ಟು ದಿನ ಮಿಸನ್ನು ಮಡಗಿ ಅಳ್ದಿದ್ದು ಸುಳ್ಳಾಯ್ತದಾ? ನಾನೇ ನೀರು ಬುಡೋದ್ರಲ್ಲಿ ಎಲ್ಲೋ ತಪ್ಪು ಮಾಡಿರ್ಬೇಕು. ಓದು ಬರಾಕಿಲ್ವಲ್ಲ."

"ಇರಬಹುದು ಅಕ್ಕ," ಅಂದೆ.

ನಾನು ಬೇಡವೆಂದರೂ ಕೇಳದೆ ಜೀಪಿಗೆ ಒಂದು ಚೀಲ ಕೊಬ್ಬರಿ ಹಾಕಿಸಿದರು. ಮನೆಗೆ ಬಂದು ಸುರಿದು ಒಂದೊಂದೇ ಮೂಸಿ ನೋಡಿದೆ. ಒಂದೂ ಕೌಟಿರಲಿಲ್ಲ.