ಅರ್ಸೆನಿಯೊ ಓದು ನಿಲ್ಲಿಸಿದ ಸಾಲು

ನಮ್ಮೂರು ಕಮಾಹುವಾನಿಯ ಚುರುಟಿನ ಕಾರ್ಖಾನೆಯಲ್ಲಿ ಅರ್ಸೆನಿಯೊ ಬೆರ್ಮೂದೆಸ್ ಇಪ್ಪತ್ತಾರು ವರ್ಷಗಳಿಂದ ಓದುಗನಾಗಿದ್ದಾನೆ. ದೊಡ್ಡ ಕೋಣೆಯ ಒಂದು ಕೊನೆಯಲ್ಲಿ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಕುರ್ಚಿ, ಮೇಜು ಮತ್ತು ಒಂದು ಮೈಕು. ಎದುರಿಗೆ ಸಾಲುಸಾಲಾಗಿ ನೂರಹತ್ತು ಮಂದಿ ಹೊಗೆಸೊಪ್ಪು ಸುತ್ತುತ್ತ ಕುಳಿತಿರುತ್ತಾರೆ. ಅವರ ಕೈಗೆ ಕೆಲಸವಿದೆ, ಕಿವಿಗೆ ಇಲ್ಲ. ಆ ಕಿವಿಗಾಗಿಯೇ ಓದುಗ. ಬೆಳಿಗ್ಗೆ ಪತ್ರಿಕೆ ಓದುತ್ತಾನೆ, ಊಟವಾದ ಮೇಲೆ ಅರ್ಧ ಗಂಟೆ ಕಾದಂಬರಿ. ಅವನನ್ನು ಆರಿಸುವವರು ಕೆಲಸಗಾರರೇ, ಕೈ ಎತ್ತಿ. ಓದು ಹಿಡಿಸಿದರೆ ಎಲೆ ಕತ್ತರಿಸುವ ಬಾಗು ಅಲಗಿನಿಂದ ಹಲಗೆಯನ್ನು ತಟ್ಟುತ್ತಾರೆ. ಹಿಡಿಸದಿದ್ದರೆ ಅಲಗನ್ನು ನೆಲಕ್ಕೆ ಬೀಳಿಸುತ್ತಾರೆ. ನಿನ್ನೆ ಎಲ್ಲಿಗೆ ನಿಲ್ಲಿಸಿದೆ ಎಂದು ಓದುಗ ಎಂದೂ ಕೇಳುವುದಿಲ್ಲ. ಕೇಳಿದವನನ್ನು ನಾನು ಕಂಡಿಲ್ಲ.

ಅರ್ಸೆನಿಯೊ ನಮ್ಮ ಬೀದಿಯವನು, ಎರಡು ಮನೆ ಆಚೆ. ಅವನ ಹೆಂಡತಿ ಓಬ್ದುಲಿಯಾ ಅದೇ ಕಾರ್ಖಾನೆಯ ಎರಡನೆಯ ಸಾಲಿನಲ್ಲಿ ನನ್ನ ತಂಗಿ ಸೊರಾಯ್ದಾಳ ಪಕ್ಕದಲ್ಲಿ ಕುಳಿತು ಚುರುಟು ಸುತ್ತುತ್ತಿದ್ದಳು. ಸಂಜೆ ಗಂಡಹೆಂಡಿರು ನಡೆದು ಬರುವಾಗ ನಾನು ಬಾಗಿಲಲ್ಲಿ ಕುಳಿತು ಮಕ್ಕಳ ಪ್ರಬಂಧ ತಿದ್ದುತ್ತಿರುತ್ತಿದ್ದೆ. ಅವಳ ಮಾತು ತಿರುವಿನಿಂದಲೇ ಕೇಳಿಸುತ್ತಿತ್ತು.

"ಅವನು ಆ ಮನೆ ಬಿಟ್ಟು ಹೋಗ್ಬಾರದಿತ್ತು, ಹೇಡಿ."

"ನಾನು ಬರ್ದಿದ್ದಲ್ಲ ಕಣೇ, ಓದಿದ್ದು."

"ಓದುವಾಗ ನಿನ್ನ ದನಿ ಅವನ ಪಕ್ಷದಲ್ಲೇ ಇತ್ತು. ನನಗೆ ಗೊತ್ತಾಗಲ್ವಾ?"

ಹೀಗೆ ಮನೆ ಮುಟ್ಟುವವರೆಗೆ ಜಗಳ. ಆ ದಿನ ಓದಿದ್ದೆಲ್ಲ ಇನ್ನೊಮ್ಮೆ ಬೀದಿಯಲ್ಲಿ ನಡೆದುಹೋಗುತ್ತಿತ್ತು. ಎಷ್ಟೋ ಕಾದಂಬರಿಗಳು ನನಗೆ ತಿಳಿದದ್ದು ಹಾಗೆಯೇ, ತುಂಡುತುಂಡಾಗಿ.

ಹೋದ ವರ್ಷ ಫೆಬ್ರವರಿಯಲ್ಲಿ ಓಬ್ದುಲಿಯಾ ತೀರಿಕೊಂಡಳು. ಹೃದಯ ನಿಂತಿತು ಎಂದರು. ನಾಲ್ಕನೆಯ ದಿನ ಅರ್ಸೆನಿಯೊ ಅಂಗಿಗೆ ಇಸ್ತ್ರಿ ಹಾಕಿಕೊಂಡು ಕೆಲಸಕ್ಕೆ ಹೋದ. ದನಿ ಮೊದಲಿನಂತೆಯೇ ಇತ್ತು ಎಂದು ನನ್ನ ತಂಗಿ ಹೇಳಿದಳು. ಅಳು ಇಲ್ಲ, ತಡವರಿಕೆ ಇಲ್ಲ. ಅವನು ಅಳಲಿ ಎಂದು ಬೀದಿಯವರೆಲ್ಲ ಕಾದರು. ಕಪ್ಪು ಹುರುಳಿಯ ಸಾರು, ಅನ್ನ, ಬೇಯಿಸಿದ ಗೆಣಸು ತಂದುಕೊಟ್ಟರು. ಅವನು ಕೊಟ್ಟದ್ದನ್ನು ತಿಂದು ತಟ್ಟೆ ತೊಳೆದು ಹಿಂದಿರುಗಿಸಿದ. ತೊಳೆದ ತಟ್ಟೆಯನ್ನು ನನ್ನ ಕೈಗಿಡುತ್ತ ಒಂದು ದಿನ ಅವನೇ ಹೇಳಿದ:

"ಮೇಷ್ಟ್ರೇ, ಯಾರಿಗೂ ಹೇಳ್ಬೇಡಿ. ನಾನು ಓದೋದು ನನಗೇ ಕೇಳಿಸ್ತಿಲ್ಲ."

"ಕಿವಿ ತೋರಿಸ್ಕೊ."

"ಕಿವಿ ಅಲ್ಲ. ಬಾಯಿ ಓದುತ್ತೆ, ಗಂಟೆ ಹೊಡೆಯುತ್ತೆ, ಇಳಿದು ಬರ್ತೀನಿ. ಏನು ಓದಿದೆ ಅಂದ್ರೆ ಗೊತ್ತಿಲ್ಲ. ಒಬ್ಬನ ಹೆಸರೂ ಗೊತ್ತಿಲ್ಲ."

"ಮತ್ತೆ ಮಾರನೆಯ ದಿನ ಎಲ್ಲಿಂದ ಶುರು ಮಾಡ್ತೀಯ?"

"ಲ್ಯಾಪ್‌ಟಾಪ್ ಇದೆಯಲ್ಲ. ಅದು ಹಿಡಿದಿಟ್ಟಿರುತ್ತೆ."

ಕಾದಂಬರಿಗಳು ಈಗ ಕಾಗದದ ಮೇಲೆ ಸಿಗುವುದು ಕಡಿಮೆ. ಕಾರ್ಖಾನೆಯ ಸಂಘದವರು ಅವನಿಗೊಂದು ಹಳೆಯ ಲ್ಯಾಪ್‌ಟಾಪ್ ಕೊಡಿಸಿದ್ದರು. ಅದಕ್ಕೆ ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಟ್ಟವನು ಲಿಸಾಂದ್ರೊ. ಊರಿನ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮಾಡುತ್ತಾನೆ, ನನ್ನ ಹಳೆಯ ಶಿಷ್ಯ. ಗಂಟೆ ಹೊಡೆದಾಗ ಅರ್ಸೆನಿಯೊ ಮುಚ್ಚಳ ಮುಚ್ಚುವನು, ಯಂತ್ರ ನಿದ್ದೆ ಹೋಗುವುದು. ಮಾರನೆಯ ದಿನ ಮುಚ್ಚಳ ತೆರೆದರೆ ಎದ್ದು, ನಿಲ್ಲಿಸಿದ ಸಾಲನ್ನೇ ಎದುರಿಗೆ ಹಿಡಿಯುವುದು. ಆ ಸಾಲಿನಿಂದ ಅವನು ಓದತೊಡಗುವನು. ಯಾರಿಗೂ ಗೊತ್ತಾಗದು.

ಮೇ ತಿಂಗಳಲ್ಲಿ ಯಂತ್ರ ಏಳುವುದನ್ನು ನಿಲ್ಲಿಸಿತು.

ಮುಚ್ಚಳ ತೆರೆದರೆ ಪರದೆ ಕಪ್ಪು. ಒಳಗೆ ಫ್ಯಾನು ತಿರುಗುವ ಸದ್ದಿದೆ, ಬೆಳಕಿಲ್ಲ. ನೂರಹತ್ತು ಮಂದಿ ಕಾಯುತ್ತಿದ್ದಾರೆ. ಅವನು ಗುಂಡಿ ಒತ್ತಿಹಿಡಿದು ಆರಿಸಿ ಮತ್ತೆ ಹೊತ್ತಿಸಿದ. ಪುಸ್ತಕ ಮೊದಲ ಪುಟದಲ್ಲಿ ತೆರೆಯಿತು. ಅವನು ನಡುವೆ ಎಲ್ಲೋ ಒಂದು ಕಡೆ ಬೆರಳಿಟ್ಟು ಓದಿದ. ಯಾವ ಅಲಗೂ ಬೀಳಲಿಲ್ಲ. ಸರಿಯಾದ ಜಾಗವೇ ಸಿಕ್ಕಿತೆಂದು ತಿಳಿದುಕೊಂಡ.

ಆ ಸಂಜೆ ಸೊರಾಯ್ದಾ ನಮ್ಮ ಮನೆಗೆ ಬಂದು ಕಾಫಿ ಕುಡಿಯುತ್ತ ಬೇರೆಯದೇ ಕಥೆ ಹೇಳಿದಳು.

"ಹಿಂದಿನ ದಿನದ ಅಧ್ಯಾಯಾನೇ ಮತ್ತೆ ಓದಿದ ಅಣ್ಣ, ಪೂರ್ತಿ. ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಮುಂದಿನ ಸಾಲಿನವನು ಅಲಗು ಎತ್ತಿದ್ದ. ನಾನು ಕಣ್ಣಲ್ಲೇ ಗದರಿದೆ. ಮೆಲ್ಲಗೆ ಕೆಳಗಿಟ್ಟ."

"ಅವನಿಗೆ ಹೇಳ್ಬಾರದಿತ್ತಾ?"

"ಹೇಗೆ ಹೇಳೋದು? ನನ್ನ ಪಕ್ಕದ ಕುರ್ಚಿ ಇನ್ನೂ ಖಾಲಿ ಇದೆ."

ನಾನೂ ಹೇಳಲಿಲ್ಲ. ಹೇಳಬೇಕಿತ್ತೋ ಏನೋ. ನಲವತ್ತು ವರ್ಷ ಮಕ್ಕಳ ತಪ್ಪನ್ನು ಕೆಂಪು ಶಾಯಿಯಲ್ಲಿ ಗುರುತು ಮಾಡಿದವನಿಗೆ ಆ ದಿನ ಕೈ ಏಳಲಿಲ್ಲ. ಬದಲಿಗೆ ಶನಿವಾರ ಅವನನ್ನು ಕರೆದುಕೊಂಡು ಲಿಸಾಂದ್ರೊನ ಮನೆಗೆ ಹೋದೆ.

ಲಿಸಾಂದ್ರೊ ಮುಚ್ಚಳವನ್ನು ಮುಚ್ಚಿ ತೆರೆದ. ಕಪ್ಪು. ಇನ್ನೊಮ್ಮೆ. ಕಪ್ಪು.

"ಯಾವಾಗಿನಿಂದ ಅಣ್ಣ?"

"ನೀನು ಹೊಸದೇನೋ ಹಾಕಿಕೊಟ್ಟೆಯಲ್ಲ, ಅದಾದ ವಾರದಿಂದ."

"ಅಂದ್ರೆ ತಪ್ಪು ನಂದೇ." ಅವನು ತಲೆ ಕೆರೆದುಕೊಂಡ. ಸಾಂತಾ ಕ್ಲಾರಾ ಪಟ್ಟಣದಿಂದ ಡಿಸ್ಕಿನಲ್ಲಿ ಬಂದ ಹೊಸ ಆವೃತ್ತಿಯನ್ನು ಊರಿನ ಎಲ್ಲ ಯಂತ್ರಗಳಿಗೂ ಅವನೇ ಹಾಕಿದ್ದ. "ಬರೀ ಪುಟದ ಸಂಖ್ಯೆ ಬರೆದಿಟ್ಟುಕೊಳ್ಳಿ ಅಣ್ಣ, ನಾನು ನಿಧಾನಕ್ಕೆ ನೋಡ್ತೀನಿ."

"ಬರೆದಿಟ್ಟೆ. ಕರೆಂಟು ಹೋದಾಗ ಕೋಣೆ ಮಬ್ಬು, ಅಕ್ಷರ ದೊಡ್ಡದು ಮಾಡ್ತೀನಿ. ದೊಡ್ಡದು ಮಾಡಿದ್ರೆ ಸಂಖ್ಯೆ ಬದಲಾಗುತ್ತೆ. ನೂರನಲವತ್ತು ಇದ್ದದ್ದು ಇನ್ನೂರ ಹತ್ತಾಗುತ್ತೆ."

"ಪುಟ ಬೇಡ, ಕಥೆ ಎಲ್ಲಿಗೆ ಬಂದಿತ್ತು ಅಂತ ನೆನಪಿರುತ್ತಲ್ಲ?"

ಅರ್ಸೆನಿಯೊ ನನ್ನ ಮುಖ ನೋಡಿದ. ನಾನು, "ಲಿಸಾಂದ್ರೊ, ಕೇಳಿದ್ದನ್ನು ಮಾಡಪ್ಪ" ಎಂದೆ. ಶಾಲೆಯಲ್ಲಿ ಬಳಸುತ್ತಿದ್ದ ದನಿ ಬಂತು. ಅವನು ಮತ್ತೆ ಪ್ರಶ್ನೆ ಹಾಕಲಿಲ್ಲ.

ಇನ್ನೊಂದು ಕಂಪ್ಯೂಟರಿನಿಂದ ತಂತಿ ಎಳೆದು, ಕಪ್ಪು ಪರದೆಯ ಯಂತ್ರದ ಒಳಹೊಕ್ಕು ನೋಡಿದ. ಈ ವ್ಯವಸ್ಥೆ ತಾನು ಮಾಡಿದ್ದನ್ನೆಲ್ಲ ಗಳಿಗೆ ಗಳಿಗೆಗೂ ಬರೆದಿಡುತ್ತದಂತೆ. ಆ ಬರಹವನ್ನು ಬೆರಳಿಟ್ಟು ಓದಿದ.

"ನೋಡಿ ಮೇಷ್ಟ್ರೇ, ಇದು ಎದ್ದಿದೆ. ಎದ್ದೆ ಅಂತ ಬರೆದುಕೊಂಡಿದೆ. ಪುಸ್ತಕ ತೆರೆದೇ ಇದೆ, ಸಾಲೂ ಅಲ್ಲೇ ಇದೆ. ಪರದೆ ಒಂದನ್ನ ಮಾತ್ರ ಹೊತ್ತಿಸ್ತಿಲ್ಲ."

"ಹೊತ್ತಿಸು ಅಂತ ಹೇಳು."

"ಹೇಳೋದಕ್ಕೆ ಅದು ನಿಮ್ಮ ಐದನೇ ತರಗತಿಯೇ?"

ನಿದ್ದೆಯಲ್ಲಿ ಎರಡು ಬಗೆಯಂತೆ. ಒಂದು ತೂಕಡಿಕೆ, ಅದರಿಂದ ಯಂತ್ರ ತಪ್ಪದೆ ಏಳುತ್ತದೆ. ಆದರೆ ತೂಕಡಿಸುವಾಗಲೂ ಬ್ಯಾಟರಿ ತಿನ್ನುತ್ತದೆ. ನಮ್ಮೂರಿನಲ್ಲಿ ಆಗ ಕರೆಂಟು ಹೋದರೆ ಹತ್ತು ಹನ್ನೆರಡು ಗಂಟೆ ಬರುತ್ತಿರಲಿಲ್ಲ. ಬ್ಯಾಟರಿ ಮುಗಿದರೆ ನಿಲ್ಲಿಸಿದ ಸಾಲೂ ಹೋಯಿತು. ಇನ್ನೊಂದು ಗಾಢ ನಿದ್ದೆ. ಅದರಲ್ಲಿ ಬ್ಯಾಟರಿ ದಿನಗಟ್ಟಲೆ ತಾಳುತ್ತದೆ. ಏಳದೆ ಕೈಕೊಡುತ್ತಿದ್ದದ್ದು ಈ ಗಾಢ ನಿದ್ದೆಯಿಂದ.

ಮೂರು ಶನಿವಾರ ಹಿಡಿಯಿತು. ನಡುವಿನ ದಿನಗಳಲ್ಲಿ ಯಂತ್ರವನ್ನು ತೂಕಡಿಕೆಯಲ್ಲೇ ಇಟ್ಟು ಅರ್ಸೆನಿಯೊ ಓದು ಸಾಗಿಸಿದ. ಲಿಸಾಂದ್ರೊ ಒಂದು ಆಜ್ಞೆ ಬದಲಿಸುವನು, ಅರ್ಸೆನಿಯೊ ಮುಚ್ಚಳ ಮುಚ್ಚಿ ತೆರೆಯುವನು. ಅರ್ಸೆನಿಯೊಗೆ ಬೇಸರವೂ ಆಗುತ್ತಿರಲಿಲ್ಲ, ಆಸೆಯೂ ಹುಟ್ಟುತ್ತಿರಲಿಲ್ಲ. ಮುಚ್ಚು ಎಂದರೆ ಮುಚ್ಚುವನು, ತೆರೆ ಎಂದರೆ ತೆರೆಯುವನು. ಲಿಸಾಂದ್ರೊನ ತಾಯಿ ಸೀಬೆಹಣ್ಣಿನ ಮುರಬ್ಬ ತಂದಿಟ್ಟರೆ ತಿನ್ನುವನು.

ಕೊನೆಗೆ ಲಿಸಾಂದ್ರೊ ವ್ಯವಸ್ಥೆಯ ತಿರುಳನ್ನೇ ತೆಗೆದು ಹಳೆಯ ಆವೃತ್ತಿಯ ತಿರುಳನ್ನು ಕೂರಿಸಿದ. ಹೊಸದು ಮತ್ತೆ ಅದರ ಮೇಲೆ ಬಂದು ಕೂರದಂತೆ ಬೀಗ ಹಾಕಿದ. ಮುಚ್ಚಳ ಮುಚ್ಚಿ ತೆರೆದರೆ ಪರದೆ ಬೆಳಗಿತು. ಐವತ್ತು ಸಲ ಮುಚ್ಚಿ ತೆರೆದೆವು, ನಾನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಗೀಟು ಹಾಕುತ್ತ ಹೋದೆ. ಐವತ್ತಕ್ಕೆ ಐವತ್ತು.

"ಪಾಸು" ಎಂದ ಲಿಸಾಂದ್ರೊ. "ಇನ್ನು ಸಾಯೋವರೆಗೂ ಏಳುತ್ತೆ ಅಣ್ಣ."

"ಒಳ್ಳೇದಾಯ್ತು" ಎಂದ ಅರ್ಸೆನಿಯೊ, ಬಸ್ಸಿನ ಹೊತ್ತು ಕೇಳಿದವನಿಗೆ ಹೇಳುವ ಹಾಗೆ.

ಯಂತ್ರ ಮಾತು ಉಳಿಸಿಕೊಂಡಿತು. ಜೂನ್, ಜುಲೈ, ಆಗಸ್ಟ್ ಪೂರ್ತಿ ಒಂದು ದಿನವೂ ತಪ್ಪಲಿಲ್ಲ. ಕಾದಂಬರಿ ಮುಕ್ಕಾಲು ಮುಗಿದಿತ್ತು. ಎಲ್ಲ ಸರಿಯಾಯಿತೆಂದೇ ನಾನೂ ಭಾವಿಸಿದ್ದೆ.

ಸೆಪ್ಟೆಂಬರಿನಲ್ಲಿ ಒಂದು ಮಧ್ಯಾಹ್ನ ಅವನು ಕಟ್ಟೆ ಹತ್ತಿ ಮುಚ್ಚಳ ತೆರೆದ. ಸಾಲು ಕಾದಿತ್ತು. ಅವನು ಬಾಯಿ ತೆರೆಯುವ ಮೊದಲೇ ಎರಡನೆಯ ಸಾಲಿನಿಂದ ಸೊರಾಯ್ದಾ ಕೇಳಿದಳು:

"ಒಂದು ನಿಮಿಷ ಅರ್ಸೆನಿಯೊ. ಊಟದ ಹೊತ್ತಲ್ಲಿ ಇಲ್ಲಿ ಕಾದಂಬರಿ ಬಗ್ಗೆ ಕಿತ್ತಾಟ ಆಗಿದೆ. ಲೆಯೊಕಾಡಿಯಾ ಆ ಪತ್ರ ಒಡೀಬೇಕಾ, ಸುಡಬೇಕಾ? ನೀನು ತೀರ್ಪು ಹೇಳು."

ಇಂಥ ವ್ಯಾಜ್ಯಕ್ಕೆ ತೀರ್ಪು ಕೊಡುವುದೂ ಓದುಗನ ಕೆಲಸವೇ. ಹಿಂದೆಲ್ಲ ಅವನು ವಕೀಲನ ಹಾಗೆ ಎದ್ದು ನಿಂತು ಎರಡು ಪಕ್ಷಕ್ಕೂ ವಾದಿಸುತ್ತಿದ್ದ. ಈ ಸಲ ಪರದೆಯನ್ನೇ ನೋಡುತ್ತ ಕುಳಿತ. ಅದರಲ್ಲಿ ನಿಲ್ಲಿಸಿದ ಸಾಲು ಮಾತ್ರ ಇತ್ತು.

"ಯಾರು ಲೆಯೊಕಾಡಿಯಾ?" ಎಂದ.

ಯಾರೋ ನಕ್ಕರು, ತಮಾಷೆಯೆಂದು. ಆಮೇಲೆ ನಗು ನಿಂತಿತು.

"ನನಗೆ ಗೊತ್ತಿಲ್ಲ" ಎಂದ ಅವನು. ಮೈಕಿನಲ್ಲಿ ಅದು ಕೋಣೆಯ ಕೊನೆಯವರೆಗೂ ಹೋಯಿತು. "ಫೆಬ್ರವರಿಯಿಂದ ಓದಿದ್ದು ಒಂದೂ ಗೊತ್ತಿಲ್ಲ. ಈ ಯಂತ್ರ ತೋರಿಸ್ತದೆ, ನಾನು ಓದ್ತೀನಿ. ನಿಮಗೆ ಮೋಸ ಮಾಡ್ದೆ. ಬೇರೆಯವರನ್ನ ಆರಿಸಿಕೊಳ್ಳಿ."

"ಮೋಸ ಯಾವುದು ಬಂತು?" ಎಂದಳು ಸೊರಾಯ್ದಾ. "ನಮಗೆ ಗೊತ್ತಿತ್ತು. ಮೇ ತಿಂಗಳಲ್ಲಿ ಒಂದೇ ಅಧ್ಯಾಯ ಎರಡು ಸಲ ಓದಿದೆ."

"ಎರಡು ಸಲ?"

"ಪೂರ್ತಿ. ಕುದುರೆ ಎರಡು ಸಲ ಸತ್ತಿತು."

"ಮತ್ತೆ ಯಾಕೆ ಅಲಗು ಹಾಕ್ಲಿಲ್ಲ?"

ಅವನು ಸಾಲುಗಳನ್ನು ಒಂದೊಂದಾಗಿ ನೋಡಿದ. ಅಷ್ಟು ಹೊತ್ತು ಅವನು ಯಾರ ಮುಖವನ್ನಾದರೂ ನೋಡಿದ್ದು ಆ ವರ್ಷದಲ್ಲೇ ಮೊದಲು ಎಂದು ನನ್ನ ತಂಗಿ ಹೇಳುತ್ತಾಳೆ.

"ಹಾಕ್ಬೇಕಿತ್ತು" ಎಂದ. "ಹಾಕಿದ್ರೆ ನನಗೆ ಗೊತ್ತಾಗ್ತಿತ್ತು."

"ಹೌದು ಮಗಾ, ಹಾಕ್ಬೇಕಿತ್ತು. ತಡೆದವಳು ನಾನೇ. ಕನಿಕರ ಮಾಡಿ ಕೆಡಿಸ್ದೆ." ಸೊರಾಯ್ದಾ ಅವನಿಗಿಂತ ಮೂರೇ ವರ್ಷ ದೊಡ್ಡವಳು, ಆದರೂ ಎಲ್ಲರನ್ನೂ ಮಗಾ ಎನ್ನುವವಳು. "ಈಗ ಕೈ ಎತ್ತಿ ತೀರ್ಮಾನ ಮಾಡೋಣ. ಅವನು ಕಟ್ಟೆ ಮೇಲೆ ಇರ್ಬೇಕಾ, ಇಳೀಬೇಕಾ?"

ಇರಬೇಕೆಂದು ನೂರಕ್ಕೂ ಹೆಚ್ಚು ಕೈಗಳು ಎದ್ದವು. ಬೇಡವೆಂದು ಎರಡು ಎದ್ದವು. ಅರ್ಸೆನಿಯೊ ಆ ಎರಡು ಕೈಯವರಿಗೆ ತಲೆಬಾಗಿದ. ಮಿಕ್ಕವರಿಗೆ ಹೇಳಿದ:

"ಇರ್ತೀನಿ. ಈ ಕಾದಂಬರಿ ಮುಗಿಸ್ತೀನಿ. ಆಮೇಲೆ ಸಣ್ಣ ಕಥೆಗಳೇ ಓದೋದು. ದಿನಕ್ಕೊಂದು, ಅರ್ಧ ಗಂಟೆಯಲ್ಲಿ ಮುಗಿಯೋ ಅಂಥದ್ದು. ನನ್ನ ಕೈಲಿ ಆಗೋದು ಅಷ್ಟೇ."

"ನಾಳೆ ಏನಾಗುತ್ತೋ ಅಂತ ಕಾಯೋ ಸುಖ ಹೋಯ್ತಲ್ಲ" ಎಂದು ಹಿಂದಿನ ಸಾಲಿನವಳೊಬ್ಬಳು ಗೊಣಗಿದಳು.

"ನನಗೆ ನಾಳೆವರೆಗೆ ಹಿಡಿದಿಟ್ಟುಕೊಳ್ಳೋಕೆ ಬರ್ತಿಲ್ಲ ತಾಯಿ."

ಒಪ್ಪಿದರು. ಲಿಸಾಂದ್ರೊ ಸುದ್ದಿ ಕೇಳಿ ನಮ್ಮ ಮನೆಗೇ ಬಂದು ಕೂಗಾಡಿದ.

"ಮೂರು ಶನಿವಾರ ಮೇಷ್ಟ್ರೇ! ಐವತ್ತಕ್ಕೆ ಐವತ್ತು. ಈ ಕಾದಂಬರಿ ಮುಗಿದ ಮೇಲೆ ಅರ್ಸೆನಿಯೊ ಅಣ್ಣ ದಿನಾ ಸಂಜೆ ಅದನ್ನ ಪೂರ್ತಿ ಆರಿಸಿಯೇ ಮನೆಗೆ ಹೋಗ್ತಾರಂತೆ. ನಿದ್ದೆಗೆ ಹಾಕೋದೇ ಇಲ್ವಂತೆ."

"ಬೇಕಾದಾಗ ಇರುತ್ತಲ್ಲಪ್ಪ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.

ಕಾದಂಬರಿ ಅಕ್ಟೋಬರಿನಲ್ಲಿ ಮುಗಿಯಿತು. ಆಮೇಲೆ ದಿನಕ್ಕೊಂದು ಕಥೆ. ಅರ್ಸೆನಿಯೊ ಓದುವನು, ಅವರು ಅಲಗು ತಟ್ಟುವರು, ಎರಡು ಸಲ ನೆಲಕ್ಕೂ ಹಾಕಿದರು. ಹಾಕಿದ ದಿನ ಅವನು ಬೇರೊಂದು ಕಥೆ ಹುಡುಕಿ ಓದಿದ. ಸಂಜೆ ಒಬ್ಬನೇ ನಡೆದು ಬರುವನು. ನಾನು ಬಾಗಿಲಲ್ಲಿ ಕುಳಿತಿದ್ದರೆ, "ಇವತ್ತು ಏನು ಓದಿದೆ?" ಎಂದು ಕೇಳುವೆನು. "ಗೊತ್ತಿಲ್ಲ ಮೇಷ್ಟ್ರೇ" ಎನ್ನುವನು. ನಾನು ಕೇಳುವುದನ್ನು ಬಿಡಲಿಲ್ಲ, ಅವನು ಹಾಗೆ ಹೇಳುವುದನ್ನೂ ಬಿಡಲಿಲ್ಲ. ಕಾಫಿ ಇದ್ದರೆ ಇಬ್ಬರೂ ಕುಡಿಯುತ್ತಿದ್ದೆವು.

ಜನವರಿಯಲ್ಲಿ ಒಂದು ದಿನ ಕಥೆ ಅಂದಾಜಿಗಿಂತ ಉದ್ದವಾಯಿತು. ಮೀನುಗಾರರ ಕಥೆ. ಎರಡು ಪುಟ ಉಳಿದಿರುವಾಗಲೇ ಗಂಟೆ ಹೊಡೆಯಿತು. ಮುಗಿಸಿಬಿಡು ಎಂದರು ಕೆಲವರು, ನಾಳೆಗಿರಲಿ ಎಂದರು ಹಲವರು. ಅವನು ಸುಮ್ಮನೆ ಮುಚ್ಚಳ ಮುಚ್ಚಿ ಇಳಿದ.

ಮಾರನೆಯ ಮಧ್ಯಾಹ್ನ ಕಟ್ಟೆ ಹತ್ತಿ ಕುಳಿತವನು ಕೈಯನ್ನು ಮುಚ್ಚಳದ ಮೇಲಿಟ್ಟ. ತೆರೆಯಲಿಲ್ಲ. ಎರಡನೆಯ ಸಾಲಿನ ಕಡೆ ತಿರುಗಿ, ತನಗೇ ನಂಬಿಕೆಯಿಲ್ಲದವನ ಹಾಗೆ ಮೆಲ್ಲಗೆ ಕೇಳಿದ:

"ಆ ದೋಣಿ ಇನ್ನೂ ದಡಕ್ಕೆ ಬಂದಿಲ್ಲ, ಅಲ್ವಾ?"

ಸೊರಾಯ್ದಾ ಎಲೆಯ ಅಂಚನ್ನು ಒದ್ದೆ ಬೆರಳಿನಿಂದ ಒತ್ತುತ್ತಿದ್ದಳು. ತಲೆ ಎತ್ತಲಿಲ್ಲ.

"ಬಂದಿಲ್ಲ" ಎಂದಳು. "ಓದು."